ದ್ರಾಕ್ಷಿಗೊಂಚಲನ್ನು ಕಂಡ ಶಸ್ತ್ರವೈದ್ಯ: ಸರ್ ಅಲೆಕ್ಸಾಂಡರ್ ಆಗ್‌ಸ್ಟನ್

ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಗಾಗಿ ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಿದ್ದೆ. ಕೈಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದ ಹುಡುಗನೊಬ್ಬ ಎದ್ದು ನಿಂತ. ಮನೆಯ ನಾಯಿ ಕಚ್ಚಿತ್ತು, ರೇಬಿಸ್ ಚುಚ್ಚುಮದ್ದು ಆಗಿತ್ತು, ಆದರೂ ಗಾಯದಲ್ಲಿ ಕೀವು ತುಂಬಿತ್ತು. ಆ ಕೀವಿನ ರೋಗಾಣು ನಾಯಿಯದೋ ತನ್ನದೋ ಎಂಬುದು ಅವನ ಪ್ರಶ್ನೆ. ಅಜ್ಜಿಯಿಂದ ಕೇಳಿದ್ದ ಮಾತೇ ನನ್ನ ಬಾಯಿಗೆ ಬಂತು. ಕೀವು ಕಟ್ಟಿದರೆ ಹುಣ್ಣು ಹಣ್ಣಾಗಿದೆ, ಇನ್ನು ಮಾಯುತ್ತದೆ ಎಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಆ ಉತ್ತರವನ್ನು ಬರೆದು ಕೆಳಗೆ ಗೆರೆ ಎಳೆದಿದ್ದರು. ತಪ್ಪು ತಿದ್ದಿಕೊಳ್ಳಲು ಓದುತ್ತ ಹೋದಾಗ ಸಿಕ್ಕಿದ ಜೀವನವಿದು.

ಅಲೆಕ್ಸಾಂಡರ್ ಆಗ್‌ಸ್ಟನ್ 1844ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಜನಿಸಿದರು. ತಂದೆ ಅಲ್ಲಿಯೇ ವೈದ್ಯಕೀಯ ಪ್ರಾಧ್ಯಾಪಕರು. ಮಗನೂ ಅಲ್ಲೇ ವೈದ್ಯನಾಗಿ ಶಸ್ತ್ರಚಿಕಿತ್ಸೆಗೆ ಇಳಿದಾಗ, ಗಾಯದಲ್ಲಿ ಕೀವು ಬರುವುದು ಸಹಜ ಎಂದೇ ಅನೇಕ ವೈದ್ಯರು ನಂಬಿದ್ದರು. ಅವರಲ್ಲಿ ಕೆಲವರಿಗೆ ಅದು ಮಾಯುವ ಶುಭಸೂಚನೆ. ನಮ್ಮಜ್ಜಿಯ ಮಾತು, ನನ್ನ ಮಾತು, ಅವರ ಮಾತು ಒಂದೇ!

ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯಗಳನ್ನು ಕೀವಿಲ್ಲದೆ ಮಾಯಿಸುತ್ತಿದ್ದುದನ್ನು ಆಗ್‌ಸ್ಟನ್ ಕಣ್ಣಾರೆ ಕಂಡರು, ತಾವೂ ಆ ವಿಧಾನವನ್ನು ಹಿಡಿದರು. ಆದರೆ ಒಂದು ಪ್ರಶ್ನೆ ಅವರನ್ನು ಬಿಡಲಿಲ್ಲ. ಆ ಆಮ್ಲ ಕೊಲ್ಲುತ್ತಿರುವುದು ಏನನ್ನು? ಮನೆಯ ಹಿಂದೆಯೇ ಒಂದು ಸಣ್ಣ ಪ್ರಯೋಗಾಲಯ ಕಟ್ಟಿಕೊಂಡು, ರೋಗಿಗಳ ಹುಣ್ಣಿನ ಕೀವಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರು. ಸಣ್ಣ ಗುಂಡುಗಳು ಕಂಡವು. ಕೆಲವು ಸರಪಳಿಯಂತೆ, ಕೆಲವು ಗೊಂಚಲಿನಂತೆ.

ಕಂಡದ್ದಕ್ಕೇ ಅವರು ತೃಪ್ತರಾಗಲಿಲ್ಲ. ಕೋಳಿಮೊಟ್ಟೆಯೊಳಗೆ ಆ ಜೀವಿಗಳನ್ನು ಬೆಳೆಸಿದರು. ಇಲಿ, ಗಿನಿಹಂದಿಗಳಿಗೆ ಕೀವನ್ನು ಚುಚ್ಚಿದಾಗ ಅವುಗಳಲ್ಲೂ ಹುಣ್ಣು ಎದ್ದಿತು. ಅದೇ ಕೀವನ್ನು ಕಾಯಿಸಿ ಅಥವಾ ಕಾರ್ಬಾಲಿಕ್ ಆಮ್ಲ ಬೆರೆಸಿ ಚುಚ್ಚಿದಾಗ ಹುಣ್ಣಾಗಲಿಲ್ಲ. ನಾವು ಪಾಠದಲ್ಲಿ ಹೇಳುವ ನಿಯಂತ್ರಿತ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1880ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದರು. ಸ್ವದೇಶದಲ್ಲಿ ಮಾತ್ರ ಸಂದೇಹವೇ ಹೆಚ್ಚು. ಲಿಸ್ಟರ್ ಕೂಡ ಮೊದಲಿಗೆ ಒಪ್ಪಲಿಲ್ಲ. 1882ರಲ್ಲಿ ಆಗ್‌ಸ್ಟನ್ ಗೊಂಚಲಿನ ಜೀವಿಗೆ ಸ್ಟ್ಯಾಫಿಲೊಕಾಕಸ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಸ್ಟ್ಯಾಫಿಲೆ ಎಂದರೆ ದ್ರಾಕ್ಷಿಗೊಂಚಲು. ಅದೇ ವರ್ಷ ಅಬರ್ಡೀನಿನಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾದರು. ಮುಂದೆ ಸೇನಾ ವೈದ್ಯಸೇವೆಯ ಸುಧಾರಣೆಗೆ ದುಡಿದರು. ಎಪ್ಪತ್ತು ದಾಟಿದ ಮೇಲೂ ಮೊದಲ ಮಹಾಯುದ್ಧದ ಗಾಯಾಳುಗಳ ಸೇವೆಗೆ ಹೋದರು. 1929ರಲ್ಲಿ ತೀರಿಕೊಂಡರು.

ಇಷ್ಟಾದರೂ ಹುಡುಗನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಏಕೆಂದರೆ ಸೂಕ್ಷ್ಮದರ್ಶಕದಲ್ಲಿ ಮನುಷ್ಯನ ಗೊಂಚಲೂ ನಾಯಿಯ ಗೊಂಚಲೂ ಒಂದೇ ರೀತಿ ಕಾಣುತ್ತವೆ. ಬೇರ್ಪಡಿಸುವ ಕೆಲಸವನ್ನು ನಂತರದವರು ಮಾಡಿದರು. 1884ರಲ್ಲಿ ಜರ್ಮನಿಯ ರೋಸೆನ್‌ಬಾಕ್ ಬಣ್ಣ ನೋಡಿ ಹೊಂಬಣ್ಣದ್ದನ್ನು ಆರಿಯಸ್ ಎಂದು ಬೇರ್ಪಡಿಸಿದರು. ಮುಂದೆ ಮೊಲದ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುವುದೇ ಆರಿಯಸ್‌ನ ಗುರುತಾಯಿತು. ಇದೇ ಕೊಯಾಗ್ಯುಲೇಸ್ ಪರೀಕ್ಷೆ. ಆದರೆ ನಾಯಿಯ ಚರ್ಮ, ಮೂಗು, ಬಾಯಿಗಳಲ್ಲಿ ವಾಸಿಸುವ ಸ್ಟ್ಯಾಫಿಲೊಕಾಕಸ್ ಸ್ಯೂಡಿಂಟರ್ಮೀಡಿಯಸ್ ಕೂಡ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುತ್ತದೆ. 2005ರಲ್ಲಷ್ಟೇ ಪ್ರತ್ಯೇಕ ಪ್ರಭೇದವೆಂದು ವಿವರಿಸಲ್ಪಟ್ಟ ಇದನ್ನು ಆರಿಯಸ್ ಎಂದು ತಪ್ಪಾಗಿ ಬರೆದುಬಿಡುವುದುಂಟು. ಪಿವೈಆರ್ ಎಂಬ ಬಣ್ಣದ ಪರೀಕ್ಷೆಯಲ್ಲಿ ನಾಯಿಯದು ಸಾಮಾನ್ಯವಾಗಿ ಕೆಂಪಾಗುತ್ತದೆ, ಆರಿಯಸ್ ಆಗುವುದಿಲ್ಲ. ಪ್ರೋಟೀನುಗಳನ್ನು ತೂಗಿ ಗುರುತಿಸುವ ಮಾಲ್ಡಿ-ಟಾಫ್ ಯಂತ್ರವೂ ಈಗಿದೆ. ಹೆಸರು ತಪ್ಪಿದರೆ ನಷ್ಟವುಂಟು: ಮೆಥಿಸಿಲಿನ್ ನಿರೋಧಕತೆಯನ್ನು ಪತ್ತೆಹಚ್ಚಲು ಆರಿಯಸ್‌ಗೆ ಬಳಸುವ ಸೆಫಾಕ್ಸಿಟಿನ್ ಬಿಲ್ಲೆ ಇದಕ್ಕೆ ನಂಬಲರ್ಹವಲ್ಲ, ಆಕ್ಸಸಿಲಿನ್ ಬೇಕು.

ಮರುದಿನ ತರಗತಿಯ ಆರಂಭದಲ್ಲೇ ನನ್ನ ಉತ್ತರ ತಪ್ಪೆಂದು ಒಪ್ಪಿಕೊಂಡೆ. ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಕೀವಾದರೆ ಮತ್ತೆ ವೈದ್ಯರಿಗೆ ತೋರಿಸಿ, ನಾಯಿ ಕಚ್ಚಿದ್ದನ್ನು ಹೇಳಲೇಬೇಕು ಎಂದೆ. ಆ ಸಂಜೆಯೇ ಹುಡುಗನ ತಾಯಿ ಅವನನ್ನು ಕರೆದೊಯ್ದರು. ಅವನ ಕೀವಿನ ರೋಗಾಣು ಯಾರದೆಂದು ನಾನು ಹೇಳಲಾರೆ, ಅದನ್ನು ಪ್ರಯೋಗಾಲಯವೇ ಹೇಳಬೇಕು ಎಂದಾಗ ಅವನಿಗೆ ಬೇಸರವಾದಂತೆ ಕಾಣಲಿಲ್ಲ.

ಈಗ ನನ್ನ ಪಾಠಯೋಜನೆಯಲ್ಲಿ ಮೂರು ಅಂಕಣಗಳಿವೆ: ಕಂಡದ್ದು, ಪ್ರಯೋಗದಿಂದ ತೋರಿಸಿದ್ದು, ಇನ್ನೂ ಕೇಳಬೇಕಾದದ್ದು. ಮೊದಲೆರಡನ್ನು ಆಗ್‌ಸ್ಟನ್ ತುಂಬಿಕೊಟ್ಟರು. ಮೂರನೆಯದನ್ನು ಆ ಹುಡುಗ ತುಂಬಿದ.