ಬೆಳಕಿನ ವೈದ್ಯ ನೀಲ್ಸ್ ಫಿನ್ಸೆನ್

ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಮಂಜುಮಳೆಗಳಿಂದ ಕವಿದಿರುವ ಫೆರೋ ದ್ವೀಪಗಳ ಟೋರ್ಸ್‌ಹಾವ್ನ್ ಪಟ್ಟಣದಲ್ಲಿ, 1860ನೆಯ ಇಸವಿ ಡಿಸೆಂಬರ್ 15ರಂದು, ನೀಲ್ಸ್ ರೈಬರ್ಗ್ ಫಿನ್ಸೆನ್ನನು ಜನಿಸಿದನು. ರೇಕ್ಯಾವಿಕ್ಕಿನಲ್ಲಿ ಶಾಲಾಭ್ಯಾಸ, ಕೋಪನ್‌ಹೇಗನ್ನಿನಲ್ಲಿ ವೈದ್ಯವ್ಯಾಸಂಗ, 1890ರಲ್ಲಿ ಪದವಿ. ಮೂವತ್ತು ತುಂಬುವ ಮುನ್ನವೇ, ಒಳಾಂಗಗಳ ಪೊರೆಗಳು ದಪ್ಪಗಾಗುವ ಅಸಾಧ್ಯ ವ್ಯಾಧಿಯೊಂದು ಅವನನ್ನು ಹಿಡಿಯಿತು. ಉತ್ತರಕ್ಕೆ ಮುಖಮಾಡಿದ ಮನೆಯಲ್ಲಿ ರಕ್ತಹೀನತೆಯಿಂದ ಬಳಲುತ್ತಿದ್ದ ಆತನಿಗೆ ಬಿಸಿಲಿನ ಗುಣದಲ್ಲಿ ಆಸಕ್ತಿ ಮೂಡಿದುದು ಸಹಜವೇ ಸರಿ.

ಬೆಳಕೆಲ್ಲ ಒಂದೇ ಅಲ್ಲ. ಕೆಂಪಿನ ಕಡೆಯದು ಹೆಚ್ಚಾಗಿ ಕಾವನ್ನು ಕೊಡುತ್ತದೆ. ನೇರಳೆಯ ಕಡೆಯದು, ಅದರಾಚೆಗೆ 1801ರಲ್ಲಿ ರಿಟ್ಟರನು ಕಂಡುಹಿಡಿದ ಅಗೋಚರ ಕಿರಣಗಳೂ ಸೇರಿ, ರಾಸಾಯನಿಕ ಕ್ರಿಯೆಯನ್ನು ನಡೆಸುತ್ತವೆ. ಫಿನ್ಸೆನ್ನನು 1893ರಲ್ಲಿ ಸಿಡುಬಿನವರನ್ನು ಕೆಂಪು ಬೆಳಕಿನ ಕೋಣೆಯಲ್ಲಿಡುವಂತೆ ಸೂಚಿಸಿದನು; ಆ ಚಿಕಿತ್ಸೆ ಕಾಲದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ನಿಂತದ್ದು ಎರಡನೆಯದು. ಮೂಗು ಕೆನ್ನೆಗಳನ್ನು ತಿಂದುಹಾಕುವ ಚರ್ಮಕ್ಷಯಕ್ಕೆ ಅಂದು ಮದ್ದಿರಲಿಲ್ಲ. ರೋಗಿಗಳು ಮುಖ ಮರೆಸಿಕೊಂಡು ಬಾಳುತ್ತಿದ್ದರು. 1895ರಲ್ಲಿ ಅಂತಹ ಒಬ್ಬನಿಗೆ ಕೋಪನ್‌ಹೇಗನ್ನಿನ ವಿದ್ಯುತ್ ಕಾರ್ಖಾನೆಯಲ್ಲಿ ಇಂಗಾಲದ ಚಾಪದೀಪದಿಂದ ಚಿಕಿತ್ಸೆ ಆರಂಭವಾಗಿ, ಕೆಲವು ತಿಂಗಳಲ್ಲಿ ಗುಣ ಕಂಡಿತು. ಮರುವರ್ಷವೇ ಫಿನ್ಸೆನ್ ಸಂಸ್ಥೆ ತಲೆಯೆತ್ತಿತು.

ಅವನ ಜಾಣ್ಮೆಯನ್ನು ದೀಪಕ್ಕಿಂತ ಅದರ ಪರಿಕರಗಳಲ್ಲಿ ನೋಡಬೇಕು. ಸಾಮಾನ್ಯ ಗಾಜು ಅಗೋಚರ ಕಿರಣಗಳನ್ನು ಬಹುವಾಗಿ ತಡೆಯುವುದರಿಂದ ಸ್ಫಟಿಕಶಿಲೆಯ ಮಸೂರ. ಚರ್ಮ ಬೇಯದಂತೆ ನಡುವೆ ತಣ್ಣೀರು. ರಕ್ತವು ಬೆಳಕನ್ನು ನುಂಗದಂತೆ ಚರ್ಮವನ್ನು ಒತ್ತಿಹಿಡಿಯುವ ಸ್ಫಟಿಕದ ಬಿಲ್ಲೆ. ಆದರೂ 2005ರಲ್ಲಿ ಹಳೆಯ ಉಪಕರಣಗಳನ್ನು ಪರೀಕ್ಷಿಸಿದಾಗ, 340 ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳು ಅವನ್ನು ದಾಟುತ್ತಿರಲಿಲ್ಲವೆಂದು ತಿಳಿಯಿತು. ಗುಣ ನೀಡಿದ್ದು ನೇರಳೆಯ ನೆರೆಯ ದೀರ್ಘತರ ಅಲೆಗಳು. ರೋಗಾಣುವಿನಲ್ಲಿರುವ ಪಾರ್ಫಿರಿನ್ ಎಂಬ ದ್ರವ್ಯ ಆ ಬೆಳಕನ್ನು ಹೀರಿ ಅಣುವನ್ನೇ ಕೊಲ್ಲುತ್ತಿದ್ದಿರಬೇಕೆಂದು ಪರೀಕ್ಷಕರ ಅಭಿಪ್ರಾಯ.

ದೀಪದ ಬಣ್ಣವನ್ನು ಕಂಡು ಅದರ ಬಲವನ್ನು ಅಳೆಯಲಾಗದು. ಪಾಶ್ಚಾತ್ಯರು ಮೈಬಣ್ಣ ಕಂದಿಸಿಕೊಳ್ಳಲು ಮಲಗುವ ದೀಪಶಯ್ಯೆಗಳಲ್ಲಿ ಕಣ್ಣಿಗೆ ತೋರುವುದು ಮಂದವಾದ ನೀಲಿಛಾಯೆ ಮಾತ್ರ. ಒಳಗೆ ಹೊರಹೊಮ್ಮುವುದು ಬಹುಪಾಲು 315ರಿಂದ 400 ನ್ಯಾನೋಮೀಟರಿನ ಅತಿನೇರಳೆ, ಜೊತೆಗೆ ಅದಕ್ಕಿಂತ ಉಗ್ರವಾದ ಕಿರಿಯ ಅಲೆಗಳು ತುಸು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಶಾಖೆ ಅವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. (ಅವರಿಗೆ ಕಂದುವ ಹಂಬಲ, ನಮ್ಮವರಿಗೆ ಬೆಳ್ಳಗಾಗುವ ಹಂಬಲ!)

1903ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಫಿನ್ಸೆನ್ನನು ಗಾಲಿಕುರ್ಚಿಯಲ್ಲಿದ್ದನು. ಆ ಹಣದ ಒಂದಂಶವನ್ನು ತನ್ನ ಸಂಸ್ಥೆಗೆ ಕೊಟ್ಟನು. ತನ್ನ ದೇಹದಲ್ಲಿ ಉಪ್ಪು ಸಂಚಯವಾಗುವ ಬಗೆಯನ್ನು ತಾನೇ ಅಳೆದು ಬರೆದು, 1904ರಲ್ಲಿ ಪ್ರಕಟಿಸಿದನು. ಅದೇ ವರ್ಷದ ಸೆಪ್ಟೆಂಬರ್ 24ರಂದು, 43ನೆಯ ವಯಸ್ಸಿನಲ್ಲಿ, ಕೋಪನ್‌ಹೇಗನ್ನಿನಲ್ಲಿ ತೀರಿಕೊಂಡನು.