ನೂರು ಪಾಯಿಂಟಿನ ವಿಲ್ಟ್

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಾದ ನಮಗೆ ಆಟ ಅಂದ್ರೆ ಕಬಡ್ಡಿ, ಕ್ರಿಕೆಟ್. ಬ್ಯಾಸ್ಕೆಟ್‌ಬಾಲ್ ಕಲಿತದ್ದು ಕಾಲೇಜಿಗೆ ಬಂದ ಮೇಲೆ. ಆ ಆಟದ ದೊಡ್ಡ ಹೆಸರು ವಿಲ್ಟ್ ಚೇಂಬರ್ಲಿನ್.

1936ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಇವರ ಎತ್ತರ 7 ಅಡಿ 1 ಇಂಚು. 1962ರ ಮಾರ್ಚ್ 2ರಂದು ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಬ್ಬರೇ 100 ಪಾಯಿಂಟ್ ಹೊಡೆದ್ರು. ಅದು ಎನ್‌ಬಿಎ ದಾಖಲೆ.

ಫ್ರೀ ಥ್ರೋ ಅವರ ವೀಕ್‌ನೆಸ್. ಆದ್ರೂ ಅವತ್ತು 32ರಲ್ಲಿ 28 ಹಾಕಿದ್ರು. ಎರಡೂ ಕೈಯಿಂದ ಚೆಂಡು ಹಿಡಿದು ಕೆಳಗಿಂದ ಮೇಲಕ್ಕೆ ಒಗೀತಿದ್ರು. ನೋಡ್ಲಿಕ್ಕೆ ಚೆಂದ ಇಲ್ಲ ಅಂತ ನಾಚಿ ಆಮೇಲೆ ಅದನ್ನೇ ಬಿಟ್ಟರು. ಒಟ್ಟು ಆಟದಲ್ಲಿ ಅವರ ಫ್ರೀ ಥ್ರೋ ಲೆಕ್ಕ ಶೇ. 51ಕ್ಕೆ ನಿಂತಿತು.

1967, 1972ರಲ್ಲಿ ಅವರ ತಂಡ ಚಾಂಪಿಯನ್ ಆಯ್ತು. 1999ರಲ್ಲಿ ತೀರಿಕೊಂಡರು.

ಯಾರಾದ್ರೂ ನಗ್ತಾರಂತ ಕ್ಲಾಸಿನಲ್ಲಿ ಡೌಟ್ ಕೇಳದೆ ಕೂಡೋ ನಮಗೆ ಆ 51 ನೆನಪಿರಲಿ.