ತೊರಪಳ್ಳಿಯ ರಾಜಾಜಿ ಮತ್ತು ಕೃತಿಸ್ವಾಮ್ಯ

ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿಯವರು ಜನಿಸಿದರು. ಅಂದು ಸೇಲಂ ಜಿಲ್ಲೆಗೆ ಸೇರಿದ್ದ ಆ ಗ್ರಾಮ ಇಂದು ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಮದರಾಸಿನಲ್ಲಿ ಕಾನೂನು ಕಲಿತು, 1900ರಲ್ಲಿ ಸೇಲಂನಲ್ಲಿ ವಕೀಲಿವೃತ್ತಿ ಹಿಡಿದರು. ಅಸಹಕಾರ ಚಳವಳಿಯ ಕಾಲಕ್ಕೆ ಅದನ್ನು ತ್ಯಜಿಸಿದರು. ಮದರಾಸಿನ ಪ್ರಧಾನಿ, ಗವರ್ನರ್ ಜನರಲ್, ಮುಖ್ಯಮಂತ್ರಿ, ಭಾರತರತ್ನ ಮೊದಲಾದ ಪದವಿ ಗೌರವಗಳ ಕಥೆ ಸರ್ವವಿದಿತ. ಸಾಹಿತ್ಯದ ವಿದ್ಯಾರ್ಥಿಗೆ ಅವುಗಳಿಗಿಂತ ಹತ್ತಿರವಾದುದು ಅವರ ಬರವಣಿಗೆ.

ಅವರ ಇಂಗ್ಲಿಷ್ ಮಹಾಭಾರತವನ್ನು 1951ರಲ್ಲಿ ಭಾರತೀಯ ವಿದ್ಯಾಭವನ ಪ್ರಕಟಿಸಿತು. ರಾಮಾಯಣವು ತಮಿಳಿನ ‘ಕಲ್ಕಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ‘ಚಕ್ರವರ್ತಿ ತಿರುಮಗನ್’ ಎಂಬ ಗ್ರಂಥವಾಗಿ 1958ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರವಾಯಿತು. ಅದೇ ವರ್ಷದ ಜನವರಿಯಲ್ಲಿ ಸ್ವತಂತ್ರ ಭಾರತದ ಕೃತಿಸ್ವಾಮ್ಯ ಕಾಯಿದೆ ಜಾರಿಗೆ ಬಂದದ್ದು ಕಾಕತಾಳೀಯ.

ವ್ಯಾಸ ವಾಲ್ಮೀಕಿಯರ ಕಥೆಗೆ ಒಡೆಯರಿಲ್ಲ. ಪಂಪನೂ ಕುಮಾರವ್ಯಾಸನೂ ಯಾರ ಅನುಮತಿಯನ್ನೂ ಬೇಡಲಿಲ್ಲ, ರಾಜಾಜಿಯವರೂ ಬೇಡಬೇಕಿರಲಿಲ್ಲ. ಪುರಾಣದ ವಸ್ತುವಿಗೆ, ಕಲ್ಪನೆಗೆ, ಕಥಾಹಂದರಕ್ಕೆ ಕೃತಿಸ್ವಾಮ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರ್. ಜಿ. ಆನಂದ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಆದರೆ ಆ ಕಥೆಗೆ ರಾಜಾಜಿ ತೊಡಿಸಿದ ಮಾತು ಅವರದೇ. ಕರ್ಣನ ಕುರಿತು ವಿದ್ಯಾರ್ಥಿಯೊಬ್ಬ ಸ್ವಂತ ನಾಟಕ ಬರೆಯಬಹುದು. ರಾಜಾಜಿಯವರ ಅಧ್ಯಾಯವನ್ನು ಕನ್ನಡಕ್ಕೆ ಅನುವಾದಿಸಿ ಮುದ್ರಿಸಬೇಕಾದರೆ ಹಕ್ಕುದಾರರ ಒಪ್ಪಿಗೆ ಬೇಕು. ಭಾಷಾಂತರವೂ ಕೃತಿಕಾರನ ಹಕ್ಕೆಂಬುದನ್ನು ನಮ್ಮ ತರಗತಿಗಳು ಬಹುಬೇಗ ಮರೆಯುತ್ತವೆ.

‘ಕುರೈ ಒನ್ರುಮ್ ಇಲ್ಲೈ’ ಎಂಬ ಅವರ ಗೀತೆಯನ್ನು ಎಂ. ಎಸ್. ಸುಬ್ಬುಲಕ್ಷ್ಮಿ ಹಾಡಿ ಮನೆಮನೆಗೆ ಮುಟ್ಟಿಸಿದರು. ಅಂತಹ ಒಂದು ಹಾಡಿನಲ್ಲಿ ಸಾಹಿತ್ಯದ ಹಕ್ಕು ಒಂದು, ರಾಗಸಂಯೋಜನೆಯ ಹಕ್ಕು ಇನ್ನೊಂದು, ಧ್ವನಿಮುದ್ರಣದ ಹಕ್ಕು ಮತ್ತೊಂದು. ಕಾಲೇಜಿನ ಕಾರ್ಯಕ್ರಮದಲ್ಲಿ ಸಹಪಾಠಿಗಳು, ಅಧ್ಯಾಪಕರು, ಪೋಷಕರ ಮುಂದೆಯಷ್ಟೇ ವಿದ್ಯಾರ್ಥಿನಿಯೊಬ್ಬಳು ಅದನ್ನು ಹಾಡಿದರೆ ಕಾಯಿದೆ ತಡೆಯದು. ಧ್ವನಿಮುದ್ರಣವನ್ನು ನಕಲು ಮಾಡಿ ಮಾರುವುದು ಬೇರೆಯೇ ಸಂಗತಿ.

ರಾಜಾಜಿ ತೀರಿಕೊಂಡದ್ದು 1972ರ ಡಿಸೆಂಬರ್ 25ರಂದು. ಅಂದಿನ ಕಾಯಿದೆಯಂತೆ ಮರಣಾನಂತರ 50 ವರ್ಷ, ಎಂದರೆ 2022ರ ಕೊನೆಗೆ, ಅವರ ಬರಹಗಳು ಸರ್ವರ ಸೊತ್ತಾಗಬೇಕಿತ್ತು. ಆದರೆ 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ಕ್ಕೆ ಮುಗಿಯಲಿದ್ದಾಗ, ವಿಶ್ವಭಾರತಿಯ ಹಿತವನ್ನು ಗಮನಿಸಿ ಸರ್ಕಾರವು ಅದನ್ನು 60 ವರ್ಷಕ್ಕೆ ವಿಸ್ತರಿಸಿತು. ಠಾಕೂರರಿಗಾಗಿ ಆದ ವಿಸ್ತರಣೆ ರಾಜಾಜಿಯವರಿಗೂ ಅನ್ವಯಿಸಿತು. ಎಣಿಕೆ ಆರಂಭವಾಗುವುದು ಮರಣದ ಮರುವರ್ಷದ ಜನವರಿಯಿಂದ. ಇನ್ನೊಂದು ವಾರ ಅವರು ಬದುಕಿದ್ದರೆ ಗಡುವು ಮತ್ತೊಂದು ವರ್ಷ ಮುಂದೆ ಹೋಗುತ್ತಿತ್ತು. ಈಗಿನ ಲೆಕ್ಕದಂತೆ 2033ರ ಜನವರಿ 1ರಂದು ತೊರಪಳ್ಳಿಯ ಲೇಖಕರ ಮಹಾಭಾರತವನ್ನು ಯಾರು ಬೇಕಾದರೂ ಕನ್ನಡಿಸಬಹುದು.